ಚೀಟಿ ಇಲ್ಲದ ಮಾತ್ರೆ

ಮರಿಬಸಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದ ಅಯ್ಯನೋರು ಕೈ ತಡೆದರು. ಬಾಗಿಲಲ್ಲಿ ಜಡೆಪ್ಪ ನಿಂತಿದ್ದ. ತನ್ನ ಹೆಂಡತಿ ಪಾರಮ್ಮ ಸತ್ತ ಮೇಲೆ ಅವನು ಈ ಹೊಸ್ತಿಲು ತುಳಿದಿರಲಿಲ್ಲ.

"ಶಿವಬಸಮ್ಮಾರ, ಒಂದು ಮಾತು," ಎಂದ, ಗೋಡೆಗೆ ಆನಿಸಿ ಕೂರಿಸಿದ್ದ ಹೆಣದ ಪಕ್ಕದಲ್ಲಿದ್ದ ಮರಿಬಸಪ್ಪನ ಹೆಂಡತಿಗೆ. "ನಿಮ್ಮ ಗಂಡ ತನ್ನ ಅಂಗಡಿ ಮಾತ್ರಿ ತಾನು ತಿಂದಿದ್ನೋ ಇಲ್ಲೋ?"

"ಹೆಣದ ಮುಂದ ಇದೇನು ಮಾತಲೇ?" ಸತ್ತವನ ಅಣ್ಣ ಎರ್ರಿಸ್ವಾಮಿ ಗದರಿದ.



*

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಮರಿಬಸಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಜ್ವರ, ಎದೆರೋಗಕ್ಕೆ ಕೊಡುವ ಸಲ್ಫಾ ಮಾತ್ರೆಯ ಡಬ್ಬಿಗಳನ್ನು ಕುರುಗೋಡಿಗೆ ತಂದು ಮಾರತೊಡಗಿದ. ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. ಬಳ್ಳಾರಿಗೆ ಹೋದರೆ ಬಸ್ ಚಾರ್ಜು, ಫೀಸು, ಮೇಲೆ ಅಂದಿನ ಕೂಲಿಯೂ ಖೋತಾ. ಅವನ ಅಂಗಡಿ ಕಟ್ಟೆಗೆ ಬಂದರೆ ಚಿಲ್ಲರೆ ಕಾಸಿನಲ್ಲಿ ಜ್ವರ ಇಳಿಯುತ್ತಿತ್ತು. ಸಿರುಗುಪ್ಪದ ಗದ್ದೆ ಕೂಲಿಗಳೂ ಬಂದರು. ಅವನು ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿದಾಗ, ಮಾತ್ರೆಗೆ ಸೀಮೆಸುಣ್ಣ ಬೆರೆಸುತ್ತಾನೆಂದು ಗುಸುಗುಸು ಹಬ್ಬಿತು. ಹಾಗೆ ಅಂದವರೇ ಜ್ವರ ಬಂದಾಗ ಮತ್ತೆ ಬಂದರು.

ಪಾರಮ್ಮನೂ ಅದೇ ಮಾತ್ರೆ ತಿಂದಳು. ಮೈತುಂಬ ಬೊಬ್ಬೆ ಎದ್ದು, ಚರ್ಮ ಸುಲಿದು ಸತ್ತಳು. ಮಾತ್ರೆಯಿಂದಲೋ ಅಲ್ಲವೋ, ಹೇಳಲು ಊರಲ್ಲಿ ಡಾಕ್ಟರಿರಲಿಲ್ಲ. ಅಂದಿನಿಂದ ಮರಿಬಸಪ್ಪ ಚೀಟಿ ಇಲ್ಲದೆ ಕೊಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕೂಲಿಯ ಎಲ್ಲಮ್ಮ ಏದುಸಿರು ಬಿಡುತ್ತಿದ್ದ ಮಗನನ್ನು ಹೊತ್ತು ಬಂದಳು.

"ಚೀಟಿ ತಗೊಂಡು ಬಾರಮ್ಮ," ಎಂದ ಮರಿಬಸಪ್ಪ.

"ಚೀಟಿಗೆ ನಾಳಿ ಬಸ್ಸಿಗೆ ಹೋಗಬೇಕ್ರಿ ಯಪ್ಪಾ. ಇವ ನಾಳಿತನಕ ಇರಾಣಿಲ್ಲ."

ಅವನು ಬೀರುವಿಗೆ ಬೀಗ ಹಾಕಿದ. ಬಸ್ಸು ಬರುವ ಮೊದಲೇ ಹುಡುಗ ತೀರಿಹೋಗಿದ್ದ.

*

"ತಿನ್ನಲಿಲ್ಲ," ಎಂದಳು ಶಿವಬಸಮ್ಮ ಕೊನೆಗೆ. "ಜ್ವರ ಬಂದು ಎದಿ ಕಟ್ಟಿತ್ತು. ಬಾಯಾಗ ಹಾಕ್ಕೊಳ್ರಿ ಅಂತ ಕೈಗೆ ಕೊಟ್ಟೆ. ನೋಡ್ಕೋತ ಕುಂತ್ರು. ಅಂಜಿದ್ರು."

"ಊರಿಗೆಲ್ಲ ಮಾರಿದಾವ, ತಾನು ಅಂಜಿದ್ನ?"

ಜಡೆಪ್ಪ ಸುತ್ತಲಿನ ಮುಖಗಳನ್ನು ನೋಡಿದ. ಅಯ್ಯನೋರು ಮತ್ತೆ ವಿಭೂತಿ ಎತ್ತಿಕೊಂಡರು.

ಮಣ್ಣಿಗೆ ಹೋದವರು ಮರಳಿ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಎಲ್ಲಮ್ಮ ಬಂದಳು. ಹೆಗಲ ಮೇಲೆ ಅವಳ ಮಗಳು ಜ್ವರದಲ್ಲಿ ಕುದಿಯುತ್ತಿದ್ದಳು.

"ಅವ್ವಾರ, ಅವರು ತಿನ್ನದ ಉಳಿದ ಮಾತ್ರಿ ಕೊಡ್ರಿ."

"ನನಗೇನು ತಿಳೀತೈತಿ ಎಲ್ಲಮ್ಮ? ಕೊಟ್ರ ಏನಾಗತೈತೋ."

"ಕೊಡದಿದ್ರ ಏನಾಗತೈತಿ ಅನ್ನಾದು ನನಗ ಗೊತ್ತೈತ್ರಿ."

"ಬ್ಯಾಡಬೇ," ಎಂದ ಜಡೆಪ್ಪ. "ನಮ್ಮ ಪಾರಿ ಮೈ ನೀ ನೋಡಿದ್ದಿಲ್ಲೇನು? ಗಾಡಿ ಕಟ್ತೀನಿ, ಬಳ್ಳಾರಿಗೆ ಹೋಗಾನ."

"ಕಟ್ಟಣ್ಣ. ಗಾಡಿ ಮುಟ್ಟೂತನಕ ಕೂಸು ಇರಬೇಕಲ್ಲ."

ಜಡೆಪ್ಪ ಎತ್ತು ತರಲು ಹೋದ. ಶಿವಬಸಮ್ಮ ಒಳಗಿನಿಂದ ಒಂದು ಮಾತ್ರೆ ತಂದು ಎಲ್ಲಮ್ಮನ ಅಂಗೈಗೆ ಹಾಕಿದಳು. ಎಲ್ಲಮ್ಮ ಅದನ್ನು ಮೂಸಿ ನೋಡಿದಳು. ಹಲ್ಲಿನಿಂದ ಎರಡು ಹೋಳು ಮಾಡಿ ಒಂದನ್ನು ತಾನೇ ನುಂಗಿದಳು. ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಳು. ಸೆರಗು ಸರಿಸಿ, ಬೊಬ್ಬೆ ಏಳುತ್ತದೋ ಎಂದು ತನ್ನ ತೋಳಿನ ಚರ್ಮವನ್ನೇ ನೋಡುತ್ತಾ.