ಬೇರು ಸಮೇತ ಬಂದ ಬಿಳಿ ಹೂವು

ನಮ್ಮ ಅತ್ತೆಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಗಿದೆ. ಹೂವಿನ ಹೆಸರು ತಿಳಿಯಬೇಕೆಂದರೆ ಬರೀ ಹೂವು ತಂದರೆ ಸಾಲದು. ಎಲೆ ಬೇಕು, ಕಾಂಡ ಬೇಕು, ಬೇರು ಬೇಕು, ಯಾವ ಮರದ ಕೆಳಗೆ ಸಿಕ್ಕಿತು ಎನ್ನುವುದೂ ಬೇಕು. ನಾನು ಕಾಲೇಜಿನಲ್ಲಿ ಒಣಗಿಸಿದ ಗಿಡಗಳನ್ನು ಜೋಡಿಸಿಡುವ ಕೋಣೆಯಲ್ಲಿ ಕೆಲಸ ಮಾಡುವವಳು, ಭವಿಷ್ಯ ಹೇಳುವವಳಲ್ಲ. ಆದರೂ ಬೆಳಗಿನ ವಾಕಿಂಗ್ ಮುಗಿಸಿ ಬಂದವರೇ ನನ್ನ ತಿಂಡಿ ತಟ್ಟೆಯ ಪಕ್ಕ ಮುರುಟಿದ ಹೂವೊಂದನ್ನಿಟ್ಟು, "ಇದೇನು ಹೇಳು ನೋಡೋಣ" ಎನ್ನುತ್ತಾರೆ. ಎಲ್ಲಿತ್ತು ಎಂದು ಕೇಳಿದರೆ, "ಅಲ್ಲೇ." ಅಲ್ಲೇ ಎಂದರೆ ಎಲ್ಲಿ? "ಅಲ್ಲೇ, ಕಾಡಲ್ಲಿ."

ಕಾಡು ಎಂದರೆ ನಮ್ಮ ಬೀದಿಯ ಹಿಂದಿನದು. ತಮ್ಮ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ, ಮಾವನೂ ಹೋದ ಮೇಲೆ, ಅತ್ತೆ ಮನೆಯಿಂದ ಹೊರಗೆ ಕಾಲಿಡುವುದು ಅಲ್ಲಿಗೆ ಮಾತ್ರ. ಈಗ ಅದರ ನಟ್ಟನಡುವೆ ರಸ್ತೆ ಬರುವುದಿತ್ತು. ಅಳಿವಿನಂಚಿನ ಗಿಡವೇನಾದರೂ ಅಲ್ಲಿ ಬೆಳೆಯುತ್ತಿದೆಯೇ ಎಂದು ನೋಡಲು ಅಧಿಕಾರಿಯೊಬ್ಬರು ಬರುವವರಿದ್ದರು. ಇದ್ದರೆ ರಸ್ತೆ ಸುತ್ತಿ ಹೋಗುತ್ತದೆ, ಇಲ್ಲದಿದ್ದರೆ ಮರಗಳಿಗೆ ಗರಗಸ. ನಾನು ವಾರಗಟ್ಟಲೆ ಹುಡುಕಿ ಬರಿಗೈಯಲ್ಲಿ ವಾಪಸ್ಸು ಬಂದಿದ್ದೆ.

ಅವರು ಬರುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಮೇಜಿನ ಮೇಲಿಟ್ಟರು.

"ತಗೋ. ಈ ಸಲ ಬೇರು ಸಮೇತ ತಂದಿದೀನಿ. ಇನ್ನು ಗೊಣಗಬೇಡ."

ಮಾಸಲು ಬಿಳಿ ಕಾಂಡ, ತುದಿಯಲ್ಲಿ ತಲೆ ತಗ್ಗಿಸಿದ ನಾಲ್ಕಾರು ಹೂವು, ಕೆಳಗೆ ಶುಂಠಿಯಂಥ ಗಂಟು ಗಂಟಾದ ಬೇರು.

"ಎಲೆ ಎಲ್ಲಿ ಅತ್ತೆ?"

"ಇರಲಿಲ್ಲ."

"ಎಲೆ ಇಲ್ಲದ ಗಿಡ ಇರುತ್ತಾ? ಸೊಪ್ಪು ಬಿಡಿಸೋ ಹಾಗೆ ಬಿಡಿಸಿ ಬಿಸಾಕಿರ್ತೀರ."

"ಇರಲಿಲ್ಲ ಅಂದ್ರೆ ಇರಲಿಲ್ಲ. ಇಲ್ಲದ್ದನ್ನ ಹೊಲಿದು ತರ್ಲಾ?"

ಸಿಟ್ಟಿನಲ್ಲೇ ಭೂತಗನ್ನಡಿ ಹಿಡಿದೆ. ಕಾಂಡದ ಮೇಲೆ ಎಲೆ ಕಿತ್ತ ಗುರುತಿಲ್ಲ. ಹಸಿರಿನ ಸುಳಿವೂ ಇಲ್ಲ. ಹೂವಿನ ಕೆಳದಳದ ಮೇಲೆ ನೇರಳೆ ಚುಕ್ಕಿಗಳು. ಅಳಿವಿನಂಚಿನ ಗಿಡಗಳ ಪಟ್ಟಿಯಲ್ಲಿದ್ದ ಹೂವು ಇದು! ಕೊಳೆತ ಎಲೆಗಳಡಿಯ ಶಿಲೀಂಧ್ರವನ್ನು ನಂಬಿ ಬದುಕುವ ಈ ಹೂವಿಗೆ ಎಲೆಯೇ ಬೇಡ. ಹಳೆಯ ಮರಗಳ ದಟ್ಟ ನೆರಳು ಬಿಟ್ಟು ಬೇರೆಲ್ಲೂ ಅದು ಬೆಳೆಯುವುದಿಲ್ಲ. ನಮ್ಮ ಕೋಣೆಯಲ್ಲಿರುವ ಒಂದೇ ಒಂದು ಮಾದರಿ ನಾನು ಹುಟ್ಟುವುದಕ್ಕೂ ಮೊದಲಿನದು.

ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾಡುವ ಮೊದಲೇ ಅದನ್ನು ಹಳೇ ಪತ್ರಿಕೆಗಳ ನಡುವೆ ಮಲಗಿಸಿ, ಮೇಲೂ ಕೆಳಗೂ ಹಲಗೆಯಿಟ್ಟು, ತಿರುಪು ಬಿಗಿದೆ. ನಮ್ಮ ಕೆಲಸದ ರೀತಿಯೇ ಹಾಗೆ.

"ಇನ್ನೂ ಇವೆಯಾ ಅತ್ತೆ? ಎರಡು ಮೂರು ಸಿಕ್ಕಿದ್ರೆ ಬೇರೆ ಕಾಲೇಜುಗಳಿಗೂ ಕಳಿಸಬಹುದು."

ಅತ್ತೆ ಹಲಗೆಯನ್ನೇ ನೋಡುತ್ತಿದ್ದರು. "ಇಲ್ಲ. ಅದೊಂದೇ ಇದ್ದಿದ್ದು."

ಖುಷಿಯೆಲ್ಲ ಜರ್ರನೆ ಇಳಿಯಿತು. ಅಧಿಕಾರಿಗೆ ಬೇಕಾದದ್ದು ನೆಲದಲ್ಲಿ ನಿಂತ ಗಿಡ, ಪೇಪರಿನಲ್ಲಿ ಮಲಗಿದ್ದಲ್ಲ.

"ಇದ್ದದ್ದೊಂದನ್ನ ಯಾಕೆ ಕಿತ್ರಿ?"

"ಬೇರು ಸಮೇತ ತನ್ನಿ ಅಂತ ದಿನಾ ಪ್ರಾಣ ತಿಂದೋಳು ಯಾರು, ನಾನಾ?"

ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು.

ಮರುದಿನ ಅಧಿಕಾರಿ ಬಂದರು. ಅತ್ತೆ ಕಿತ್ತ ಜಾಗ ತೋರಿಸಿದರು. ಅಧಿಕಾರಿ ಬಗ್ಗಿ ನೋಡಿದರು.

"ಮೇಡಂ, ಇದು ಗುಂಡಿ."

"ಗೊತ್ತು ಸಾರ್."

"ಗುಂಡಿಗೋಸ್ಕರ ರಸ್ತೆ ತಿರುಗಿಸೋಕಾಗಲ್ಲ."

ಒತ್ತಿಟ್ಟ ಗಿಡ ತೋರಿಸಿದೆ. ಅದನ್ನು ಇಲ್ಲೇ ಕಿತ್ತದ್ದೆಂದು ಹೇಗೆ ನಂಬುವುದು ಎಂದರು. ಅವರದೂ ತಪ್ಪಿಲ್ಲ. ಇಬ್ಬರೂ ಬಹಳ ಹೊತ್ತು ಹುಡುಕಿದೆವು. ಅತ್ತೆ ಮಾತ್ರ ಉರುಳಿಬಿದ್ದ ಮರದ ಮೇಲೆ ಕೈಚೀಲ ತೊಡೆಯಲ್ಲಿಟ್ಟುಕೊಂಡು ಕೂತುಬಿಟ್ಟರು.

"ಎದ್ದು ನೀವೂ ಸ್ವಲ್ಪ ಹುಡುಕಬಾರದಾ?"

"ಮಂಡಿನೋವು."

ಅಲ್ಲಿಯವರೆಗೆ ನಡೆದು ಬರುವಾಗ ಇಲ್ಲದ ಮಂಡಿನೋವು! ಹಲ್ಲು ಕಚ್ಚಿಕೊಂಡು ಮತ್ತೆ ಹುಡುಕಲು ಹೋದೆ. ಕೊನೆಗೆ ಅಧಿಕಾರಿ ತಲೆಯಾಡಿಸಿ ಜೀಪಿನ ಕಡೆ ತಿರುಗಿದರು. ಆಗ ಅತ್ತೆ ಬಾಯಿಬಿಟ್ಟರು.

"ಏನಪ್ಪಾ, ಇನ್ನೊಂದು ಸಿಕ್ಕಿದ್ರೆ ನೀವೇನು ಮಾಡ್ತೀರ?"

"ಫೋಟೋ ತಗೋತೀನಮ್ಮ, ಅಷ್ಟೇ. ಮುಟ್ಟೋದೂ ಇಲ್ಲ."

"ಇವಳು?"

ಬೆರಳು ನನ್ನ ಕಡೆಗಿತ್ತು.

"ನಾನೇನು ಮಾಡ್ತೀನಿ ಅತ್ತೆ?"

"ಎರಡು ಮೂರು ಬೇಕು ಅಂದ್ಯಲ್ಲ. ಬಾಡಬಾರದು ಅಂತ ನಾನು ಒದ್ದೆ ಬಟ್ಟೆ ಸುತ್ತಿ ಎದೆಗೆ ಅವಚಿಕೊಂಡು ತಂದೆ. ನೀನು ಹಲಗೆ ಮಧ್ಯೆ ಹಾಕಿ ಅಪ್ಪಚ್ಚಿ ಮಾಡಿದೆ. ರಸ್ತೆ ಬಂದ್ರೆ ಕಾಡು ಹೋಗುತ್ತೆ, ನಿನಗೆ ಹೇಳಿದ್ರೆ ಹೂವು ಹೋಗುತ್ತೆ. ನಾನು ಯಾರನ್ನ ನಂಬಲಿ?"

ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಓದಿದ್ದು, ಆ ಕೋಣೆಯಲ್ಲಿ ಬೆನ್ನು ಬಗ್ಗಿಸಿ ದುಡಿದದ್ದು ಇದೇ ಹೂವುಗಳಿಗಾಗಿ ಎಂದು ಕೂಗಬೇಕೆನಿಸಿತು. ಬಾಯಿಗೆ ಬಂದದ್ದು ಬೇರೆಯೇ.

"ಮುಟ್ಟಲ್ಲ ಅತ್ತೆ."

"ಒಂದನ್ನೂ?"

"ಒಂದನ್ನೂ ಇಲ್ಲ."

ಅತ್ತೆ ಎದ್ದರು. ತಾವು ಕೂತಿದ್ದ ಮರದ ಹಿಂದೆಯೇ ಮಂಡಿಯೂರಿ ಒಣ ಎಲೆಗಳನ್ನು ಸರಿಸತೊಡಗಿದರು. ಕೆಳಗೆ ಬಿಳಿ ಹೂವುಗಳ ದೊಡ್ಡ ಹಿಂಡೇ ಇತ್ತು. ಹಿಂದಿನ ಸಂಜೆಯೇ ಬಂದು, ನನ್ನ ಕಣ್ಣಿಗೆ ಬೀಳದಿರಲೆಂದು ಮುಚ್ಚಿಟ್ಟು ಹೋಗಿದ್ದರಂತೆ.

"ರಸ್ತೆ ಈ ಕಡೆ ಬರಲ್ಲ ಬಿಡಿ" ಎನ್ನುತ್ತಾ ಅಧಿಕಾರಿ ಕ್ಯಾಮೆರಾ ತೆಗೆದರು.

ಎಷ್ಟಿವೆಯೆಂದು ಎಣಿಸಲು ನಾನು ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಮತ್ತೆ ಎಲೆ ಮುಚ್ಚಿ ಕಾಡು ದಾಟುವವರೆಗೂ ಬಿಡಲಿಲ್ಲ.