ನೆತ್ತರು ಕಾಯ್ದ ಪೆಟ್ಟಿಗೆ

ನಾನು ಒಂದು ಡೀಪ್ ಫ್ರೀಜರ್. ದೂರದ ಕಾರ್ಖಾನೆಯೊಂದರಲ್ಲಿ ತಗಡು ಬಗ್ಗಿಸಿ, ಹೊಟ್ಟೆಗೆ ಸ್ಟೀಲಿನ ಒಳಪದರ ಹಾಕಿ ನನ್ನನ್ನು ಮಾಡಿದರು. ನನ್ನ ಜೊತೆ ಹುಟ್ಟಿದವರೆಲ್ಲ ಐಸ್‌ಕ್ರೀಮ್ ಅಂಗಡಿಗಳಿಗೆ ಹೋದರು. ನನ್ನ ಪಾಲಿಗೆ ಬಂದದ್ದು ರಾಯಚೂರು ಸೀಮೆಯ ಒಂದು ಸಣ್ಣ ಸಂಶೋಧನಾ ಕೇಂದ್ರ.

ನನ್ನನ್ನು ಲಾರಿಯಿಂದ ಇಳಿಸಿದ ದಿನ ದೊಡ್ಡವರು ಬಂದು ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು ಹೋದರು. ಕೇಂದ್ರದಲ್ಲಿ ಕೂರಲು ನೆಟ್ಟಗೆ ಎರಡು ಕುರ್ಚಿ ಇರಲಿಲ್ಲ. "ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಹೂ," ಎಂದು ಅಟೆಂಡರ್ ಮೌಲಾಸಾಬ ನಕ್ಕ.

ಹತ್ತಿರದ ಕೆಂಚದಿನ್ನಿ ಎಂಬ ಹಳ್ಳಿಯಲ್ಲಿ ಗಟ್ಟಿಮುಟ್ಟಾದವರಿಗೇ ಕಾಲು ಬಾತು, ಮುಖ ಊದಿ, ಕಿಡ್ನಿ ಕೆಟ್ಟು ಹೋಗುತ್ತಿತ್ತು. ವಿಷ ಬಾವಿಯ ನೀರಿನದೋ, ಹತ್ತಿ ಹೊಲಕ್ಕೆ ಹುಳ ಸಾಯಲೆಂದು ಹೊಡೆಯುವ ಎಣ್ಣೆಯದೋ ಯಾರಿಗೂ ಗೊತ್ತಿರಲಿಲ್ಲ. ಬಾವಿಯ ನೀರನ್ನು ಒಮ್ಮೆ ಪರೀಕ್ಷಿಸಿದ್ದರು, ವರದಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನುವಂತಿತ್ತು. ಡಾಕ್ಟರ್ ಶರ್ವಾಣಿ ಅದನ್ನು ಕಂಡುಹಿಡಿಯಲೆಂದೇ ಬಂದಿದ್ದರು. ವರ್ಷ ವರ್ಷವೂ ಅದೇ ಜನರ ರಕ್ತ ತೆಗೆದು ನನ್ನೊಳಗೆ ಕೂಡಿಡಬೇಕು, ಕೊನೆಗೆ ಎಲ್ಲವನ್ನೂ ಒಟ್ಟಿಗೆ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು, ಆಗ ಉತ್ತರ ಸಿಗುತ್ತದೆ. ಇಷ್ಟೇ ಅವರ ಯೋಜನೆ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿತ್ತು. ಹೊರಗೆ ಆ ಜನ ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಒಳಗೆ ಅವರ ರಕ್ತ ಕೊಟ್ಟ ದಿನದ ಹಾಗೆಯೇ ಇತ್ತು. ಮೋಟಾರು ನಡುಗಿ ನಿಂತಾಗ ಶೀಶೆಗಳು ಒಂದಕ್ಕೊಂದು ತಾಗಿ ಟಿಣ್ ಎನ್ನುತ್ತಿದ್ದವು. ಏನಾಯಿತು, ಗೊತ್ತಾಯಿತೇ ಎಂದು ಕೇಳಿದಂತಾಗುತ್ತಿತ್ತು.

ದ್ಯಾವಪ್ಪ ಎಂಬ ರೈತ ತೀರಿಕೊಂಡ ವರ್ಷ, ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ ಅವನ ಹೆಂಡತಿ ಹುಲಿಗೆಮ್ಮ ಬಂದಳು. ಕೈಯಲ್ಲಿ ಬಾಳೆಎಲೆ, ಹೋಳಿಗೆ, ಗಂಡನಿಗೆ ಇಷ್ಟದ ಬೀಡಿ ಕಟ್ಟು.

"ಇಲ್ಯಾಕ ತಂದಿಯವ್ವಾ?" ಎಂದ ಮೌಲಾಸಾಬ.

"ಅವ್ರ ಮಣ್ಣು ಊರಾಗ ಆತಣ್ಣ. ನೆತ್ತರ ಇನ್ನಾ ಇಲ್ಲೇ ಐತಲ್ಲ. ಮನ್ಯಾಗ ಎಡಿ ಇಟ್ರ ಅರ್ಧ ಮನಷ್ಯಾಗ ಇಟ್ಟಂಗಾಕ್ಕೈತಿ."

ಮೌಲಾಸಾಬ ನನ್ನ ಮುಂದಿನ ನೆಲ ಒರೆಸಿಕೊಟ್ಟ. ಅವಳು ಎಡೆ ಇಟ್ಟು ಕೈಮುಗಿದಳು. ಅಷ್ಟರಲ್ಲಿ ಡಾಕ್ಟರ್ ಬಂದರು. ಬೈಯುತ್ತಾರೇನೋ ಎಂದುಕೊಂಡೆ, ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತರು. ಹುಲಿಗೆಮ್ಮ ಕೇಳಿದಳು: "ನಮ್ಮ ಸೊಸಿ ದುರುಗಮ್ಮ ಬಸುರಿ ಅದಾಳ್ರಿ. ಅದೇ ಬಾವಿ ನೀರು ಕುಡಿತಾಳ. ಕುಡಿಲೋ ಬ್ಯಾಡೋ ಅಷ್ಟು ಹೇಳ್ರಿ ಸಾಕು." ಮೈಲಿ ದೂರದಿಂದ ಬೇರೆ ನೀರು ಹೊರಬೇಕಾದರೆ ಕೂಲಿ ಬಿಡಬೇಕು, ಕೂಲಿ ಬಿಟ್ಟರೆ ಒಲೆ ಹತ್ತದು. ಸುಮ್ಮನೆ ಅನುಮಾನಕ್ಕೆ ಬಾವಿ ಬಿಡುವ ಹಾಗಿರಲಿಲ್ಲ.

"ಬರೋ ವರ್ಷ ನಾನೇ ಬಂದು ಹೇಳ್ತೀನ್ರೀ ಅಮ್ಮಾ," ಎಂದರು ಡಾಕ್ಟರ್.

ಬರುವ ವರ್ಷ ಹಣ ನಿಂತುಹೋಯಿತು. ನೀತಿ ಬದಲಾಗಿದೆಯಂತೆ. ಇನ್ನು ಮುಂದೆ ಹೆಚ್ಚು ಜನರಿಗೆ ಬರುವ ಸಕ್ಕರೆ ಕಾಯಿಲೆಗೆ ಮೊದಲ ಮಣೆಯಂತೆ. ಒಂದು ಹಳ್ಳಿಯ ಸಾವು ಲೆಕ್ಕಕ್ಕೆ ಚಿಕ್ಕದಾಯಿತು. ಡಾಕ್ಟರ್ ಫೋನಿನಲ್ಲಿ ಬೇಡಿಕೊಂಡರು, "ರಕ್ತ ರೆಡಿ ಐತ್ರೀ ಸರ್, ಕಳಸೋದಷ್ಟ ಬಾಕಿ," ಎಂದರು. ಆಮೇಲೆ ಅವರ ಕೆಲಸವೂ ಹೋಯಿತು. ಹೋಗುವಾಗ ನನ್ನ ಮುಚ್ಚಳದ ಮೇಲೆ ಕೈಯಿಟ್ಟು ಅತ್ತರು.

ಮರುವರ್ಷ ದೇಶಕ್ಕೇ ದೊಡ್ಡ ಸಾಂಕ್ರಾಮಿಕ ಬಂತು. ಲಸಿಕೆ ಪೆಟ್ಟಿಗೆಗಳಿಗೆ ಐಸ್ ಪ್ಯಾಕ್ ಬೇಕು, ಇರುವ ಫ್ರೀಜರುಗಳನ್ನೆಲ್ಲ ಖಾಲಿ ಮಾಡಿ ಎಂದು ಆದೇಶವಾಯಿತು. ಅದು ತಪ್ಪು ಎಂದು ನಾನು ಹೇಳಲಾರೆ. ನನ್ನ ಐಸಿನಿಂದ ಎಷ್ಟೋ ಜೀವ ಉಳಿದವು. ಆದರೆ ಶೀಶೆಗಳನ್ನು ಹೊರಗೆ ತೆಗೆದು ಹಳದಿ ಚೀಲಕ್ಕೆ ತುಂಬಿ ಸುಡಲು ಒಯ್ದಾಗ ತಡೆಯುವವರು ಯಾರೂ ಇರಲಿಲ್ಲ. ಮೌಲಾಸಾಬ ಒಬ್ಬ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಆ ವರ್ಷದ ಅಮಾವಾಸ್ಯೆಗೆ ಹುಲಿಗೆಮ್ಮ ಮತ್ತೆ ಎಡೆ ತಂದಳು. ಶೀಶೆ ಸುಟ್ಟದ್ದನ್ನು ಹೇಳದೆ ಮೌಲಾಸಾಬ ನೆಲ ಒರೆಸಿಕೊಟ್ಟ. ಅವಳು ಐಸ್ ತುಂಬಿದ ಪೆಟ್ಟಿಗೆಗೆ ಕೈಮುಗಿದು, "ನಿಮ್ಮ ಮೊಮ್ಮಗಾ ನಡ್ಯಾಕ ಕಲ್ತಾನ್ರೀ," ಎಂದು ಗಂಡನಿಗೆ ಹೇಳಿದಳು. ಒಂದೇ ಒಂದು ಶೀಶೆಯೂ ಇಲ್ಲದ ನನ್ನೊಳಗೆ ಟಿಣ್ ಎಂದಿತು. ಆ ದಿನದಿಂದ ಅದು ನಿಂತಿಲ್ಲ.

ನನ್ನ ಗ್ಯಾಸು ಸೋರಿ ನಾನು ಕೆಟ್ಟಾಗ ಹರಾಜು ಹಾಕಿದರು. ಗುಜರಿಯವನು ಮೋಟಾರು ಕಿತ್ತುಕೊಂಡು, ಬರಿಯ ಪೆಟ್ಟಿಗೆಯನ್ನು ನೀರಿನ ತೊಟ್ಟಿಗೆ ಆಗುತ್ತದೆಂದು ಕೆಂಚದಿನ್ನಿಗೆ ಮಾರಿದ. ಈಗ ನಾನು ಅದೇ ಬಾವಿಯ ಪಕ್ಕದಲ್ಲಿದ್ದೇನೆ. ಕರೆಂಟು ಬಂದಾಗ ಪೈಪಿನಿಂದ ನನ್ನೊಳಗೆ ನೀರು ಬಿಡುತ್ತಾರೆ.

ಮೊದಲ ದಿನ ಹುಲಿಗೆಮ್ಮ ನನ್ನನ್ನು ಗುರುತು ಹಿಡಿದಳು. ಇಣುಕಿ ನೋಡಿದಳು. ಒಳಗೆ ಬರಿ ನೀರು. ನನ್ನ ಅಂಚು ಹಿಡಿದು ಕೇಳಿದಳು: "ನಮ್ಮ ಮನಿಯವ್ರು ಏನಾರ ಹೇಳಿದ್ರೇನು? ಕುಡಿಲೋ ಬ್ಯಾಡೋ?"

ನನಗೆ ಗೊತ್ತಿಲ್ಲ ತಾಯಿ. ಉತ್ತರ ವರ್ಷಗಟ್ಟಲೆ ನನ್ನ ಹೊಟ್ಟೆಯಲ್ಲೇ ಇತ್ತು, ಓದುವವರು ಬರುವ ಮೊದಲೇ ಅದನ್ನು ಸುಟ್ಟರು.

ಇವತ್ತು ದುರುಗಮ್ಮ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಬಗ್ಗಿದಾಗ ಅವಳ ಮುಖ ನನ್ನ ನೀರಿನಲ್ಲಿ ಕಂಡಿತು. ಕಣ್ಣಿನ ಕೆಳಗೆ ಊದಿಕೊಂಡಿತ್ತು. ಅವಳು ಬೊಗಸೆಯಲ್ಲಿ ನೀರು ತೆಗೆದು, ಮೊದಲು ಮಗನಿಗೆ ಕುಡಿಸಿದಳು.