ಕಿರ್ಸ್ಟನ್‌ಗೆ ಕೊಡಬೇಕಿದ್ದ ಪರ್ಮಾ

ನಿಮ್ಮ ಹೊಲದಲ್ಲಿ ನಾನೊಂದು ದಿನ ದುಡಿದರೆ ನನ್ನ ಹೊಲದಲ್ಲಿ ನೀವೊಂದು ದಿನ ದುಡಿಯಬೇಕು. ನಮ್ಮ ಗುಡ್ಡದಲ್ಲಿ ಅದಕ್ಕೆ ಪರ್ಮಾ ಅನ್ನುತ್ತೇವೆ. ಪಾಪ, ಕಿರ್ಸ್ಟನ್‌ಗೆ ಇದು ಗೊತ್ತಿರಲಿಲ್ಲ. ನೀರಿನ ಯೋಜನೆಗೆ ಹಣ ಕೊಡುವ ಡೆನ್ಮಾರ್ಕಿನ ಸಂಸ್ಥೆಯವಳು ಅವಳು. ಊರು ನೋಡಲು ಬಂದವಳು ಸುಮ್ಮನಿರಲಾರದೆ ಜಸ್ಮತಿ ದಿದಿಯ ಹೊಲಕ್ಕಿಳಿದು ಸಂಜೆಯವರೆಗೆ ರಾಗಿ ಪೈರು ನೆಟ್ಟಳು. ಅರ್ಧವನ್ನು ದಿದಿ ಮರುದಿನ ಕಿತ್ತು ಮತ್ತೆ ನೆಡಬೇಕಾಯಿತು.

ಹಿಂದಿನ ಸಲ ಪೈಪು ಹಾಕಿಸಿದ್ದು ಪೇಟೆಯ ಗುತ್ತಿಗೆದಾರ. ಅದು ಒಡೆದಂದಿನಿಂದ ನಾವು ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದೇವೆ. ಈ ಸಲವಾದರೂ ಕೆಲಸವನ್ನು ನಮ್ಮ ತಾಯಂದಿರ ಸಂಘಕ್ಕೆ ಕೊಡಿ ಎಂದು ಕಿರ್ಸ್ಟನ್‌ಳ ಸಂಸ್ಥೆಯವರನ್ನು ಕೇಳಿದ್ದೆವು. ಉತ್ತರವಿಲ್ಲ. ಮತ್ತೆ ಅವನನ್ನೇ ಮಾತಿಗೆ ಕರೆದಿದ್ದಾರಂತೆ ಎಂದು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ದಿದಿಯದು ಬೇರೆಯೇ ಚಿಂತೆ.

"ಆ ಹುಡುಗಿಗೆ ಪರ್ಮಾ ತೀರಿಸ್ಬೇಕಲ್ಲೇ."

"ಅವಳಿಗೆ ಹೊಲ ಎಲ್ಲಿದೆ ದಿದಿ?"

"ಆಫೀಸಿದೆಯಲ್ಲ, ಕಸ ಗುಡಿಸ್ತೀನಿ. ನೀನೂ ಬಾ, ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ."

ಹೋದೆವು. ಒಳಗೆ ಆಫೀಸಿನವರ ಜೊತೆ ಗುತ್ತಿಗೆದಾರ ಟೀ ಕುಡಿಯುತ್ತಾ ಕೂತಿದ್ದ. ಕಿರ್ಸ್ಟನ್ ಹೊರಗೆ ಬಂದಳು.

"ಕೆಲಸ ಹೇಳಮ್ಮ," ದಿದಿ ನಡುಪಟ್ಟಿ ಬಿಗಿದಳು. "ಸಂಜೆ ತನಕ ನಾನು ನಿನ್ನ ಆಳು."

"ಅಯ್ಯೋ, ಏನೂ ಬೇಡ."

"ಬೇಡ ಅಂದ್ರೆ ನನ್ನ ಮರ್ಯಾದೆ ಕಳೆದಂಗೆ."

ಕಿರ್ಸ್ಟನ್ ಕೈಚೆಲ್ಲಿದಳು. "ಹಾಗಾದ್ರೆ ಇಬ್ರೂ ಬಂದು ಕೂತು ಮಾತಾಡಿ. ನಿಮ್ಮ ನೀರಿಂದೇ ಸಭೆ."

"ಮಾತಾಡೋದೂ ಕೆಲಸಾನಾ?"

"ಇಲ್ಲಿ ನಾವೆಲ್ಲ ಮಾಡೋದು ಅದೇ."

ದಿದಿಗೆ ಕೆಲಸ ಅಂದರೆ ಕೆಲಸ. ಕೂತವಳೇ ಗುತ್ತಿಗೆದಾರನ ಕಡೆ ತಿರುಗಿದಳು. "ಪೈಪು ಒಡೆದ್ರೆ ಏನ್ಮಾಡ್ಬೇಕಪ್ಪಾ?"

"ಫೋನ್ ಮಾಡಿ."

"ಮಾಡಿದ್ವಲ್ಲ. ಇನ್ನೂ ರಿಂಗಾಗ್ತಾ ಇದೆ."

ಎಲ್ಲರೂ ನಕ್ಕರು. ಅವನೂ ನಕ್ಕ, ಭಂಡ. ಆಮೇಲೆ ನಾನು ಬಾಯಿಬಿಟ್ಟೆ. ಪೈಪು ಕೊಡಿಸಿ, ಜೋಡಿಸೋದು ಕಲಿಸಿ, ಅಗೆಯೋದು ಊರಿನ ಪರ್ಮಾ, ಒಡೆದರೆ ರಿಪೇರಿಯೂ ಪರ್ಮಾ ಎಂದೆ.

"ಯಾರಾದ್ರೂ ತಪ್ಪಿಸ್ಕೊಂಡ್ರೆ?" ಕಿರ್ಸ್ಟನ್ ಕೇಳಿದಳು.

"ನಾಟಿ ಹೊತ್ತಿಗೆ ಅವರ ಹೊಲಕ್ಕೆ ಯಾರು ಹೋಗ್ತಾರೆ?" ಎಂದಳು ದಿದಿ. "ಒಂದು ದಿನದ ಬಾಕಿಗೆ ನಾನು ವಾಂತಿ ಮಾಡ್ಕೊಂಡು ಇಲ್ಲಿತನಕ ಬಂದಿಲ್ವಾ?"

ಕಿರ್ಸ್ಟನ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಸಂಜೆ ಸಭೆ ಮುಗಿಯುವಾಗ, ಕೆಲಸ ಸಂಘಕ್ಕೇ ಎಂದಳು. ದಿನವಿಡೀ ವಟಗುಟ್ಟಿದ ನಾನು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು.

"ಇವಳು ಖುಷಿಯಾದ್ರೆ ಹಿಂಗೇ," ಎಂದು ಎದ್ದ ದಿದಿ ಕಿರ್ಸ್ಟನ್ ಕಡೆ ತಿರುಗಿದಳು. "ನೀನು ಅಗೆಯೋಕೆ ಯಾವಾಗ ಬರ್ತೀಯಮ್ಮ?"

"ಪರ್ಮಾ ತೀರಿತಲ್ಲ ದಿದಿ?"

"ಎಲ್ಲಿ ತೀರಿತು? ನೀನು ಬಂದಿದ್ದು ಒಬ್ಳು, ನಾವು ಬಂದಿದ್ದು ಇಬ್ರು. ಈಗ ಬಾಕಿ ನಿಂದು."